1.18 ಮೀಟರ್ ಪೈಪಿಗೆ ಎರಡು ವರ್ಷ

ನನ್ನ ಆರ್‌ವಿ-7 ಎಂಬ ಎರಡು ಆಸನದ ಪುಟ್ಟ ವಿಮಾನದ ಮೂತಿಯಲ್ಲಿರುವುದು ಮಜ್ದಾ 13ಬಿ ರೋಟರಿ ಎಂಜಿನ್. ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುವ ಎಂಜಿನ್ ಇದು. ಹಳೆಯ ಆರ್‌ಎಕ್ಸ್-7 ಕಾರಿನಿಂದ ಬಿಚ್ಚಿ ತಂದದ್ದು. ಎರಡು ರೋಟರ್, 1308 ಸಿಸಿ, 2.17ಕ್ಕೆ 1ರಂತೆ ವೇಗ ತಗ್ಗಿಸುವ ರಿಡಕ್ಷನ್ ಗೇರ್, ಅದರ ಮುಂದೆ ಅಲಗುಗಳ ಕೋನ ಬದಲಾಗದ ಪ್ರೊಪೆಲ್ಲರ್. ಟೆಕ್ಸಾಸ್‌ನ ಒಂದು ಸಣ್ಣ ವಿಮಾನ ನಿಲ್ದಾಣದ ಹ್ಯಾಂಗರಿನಲ್ಲಿ ಇದನ್ನು ಕಟ್ಟುವಾಗ ಎಕ್ಸಾಸ್ಟ್ (ಹೊಗೆ ಹೊರಹೋಗುವ ಪೈಪ್) ಕೆಲಸಕ್ಕೆ ಒಂದು ವಾರ ಸಾಕು ಎಂದುಕೊಂಡಿದ್ದೆ. ಎರಡು ವರ್ಷ ಹಿಡಿಯಿತು. ಪೈಪಿನ ಉದ್ದ ಎಷ್ಟಿರಬೇಕು ಎಂಬ ಲೆಕ್ಕ ಒಂದು ಸಂಜೆಯಲ್ಲಿ ಮುಗಿದಿತ್ತು. ಉಳಿದ ಕಾಲವೆಲ್ಲ ಪೈಪ್ ಸುಟ್ಟು ಹೋಗದಂತೆ ಕಾಯುವುದಕ್ಕೇ ಸರಿಹೋಯಿತು.

ಪಿಸ್ಟನ್ ಎಂಜಿನ್ನಿನಲ್ಲಿ ಎಕ್ಸಾಸ್ಟ್ ವಾಲ್ವ್ ಮೆಲ್ಲಗೆ ಮೇಲೇಳುತ್ತದೆ. 13ಬಿಯಲ್ಲಿ ವಾಲ್ವೇ ಇಲ್ಲ. ರೋಟರಿನ ಮೂಲೆ ಪೋರ್ಟನ್ನು (ಎಂಜಿನ್ ಗೋಡೆಯಲ್ಲಿನ ಹೊರದಾರಿಯನ್ನು) ದಾಟಿದ ಕ್ಷಣದಲ್ಲೇ ಅನಿಲ ಗುಂಡು ಹಾರಿದಂತೆ ಹೊರಗೆ ನುಗ್ಗುತ್ತದೆ. ಅದರ ಉಷ್ಣತೆ 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಮೊದಲ ಸಲ ಬರಿಯ ಪೈಪಿನಲ್ಲಿ ಎಂಜಿನ್ ಚಾಲೂ ಮಾಡಿದಾಗ ಮೂರು ಹ್ಯಾಂಗರ್ ಆಚೆಯವರು ಬಾಗಿಲು ತೆರೆದು ಹೊರಗೆ ಬಂದಿದ್ದರು.

ಆದರೆ ಕಾರಿಗೆ ಇಲ್ಲದ ಒಂದು ಅನುಕೂಲ ವಿಮಾನಕ್ಕಿದೆ. ಕಾರಿನ ಎಂಜಿನ್ ನಿಮಿಷಕ್ಕೆ ಎರಡು ಸಾವಿರದಿಂದ ಏಳು ಸಾವಿರ ಸುತ್ತಿನವರೆಗೂ ಓಡಾಡುತ್ತಿರುತ್ತದೆ. ನನ್ನದು ಮೇಲೇರಿದ ಮೇಲೆ ಗಂಟೆಗಟ್ಟಲೆ 5500 ಸುತ್ತಿನಲ್ಲೇ ಇರುತ್ತದೆ. 1991ರಲ್ಲಿ ಲ ಮಾನ್ಸ್ 24 ಗಂಟೆಗಳ ಓಟ ಗೆದ್ದ ಮಜ್ದಾ 787ಬಿ ರೇಸ್ ಕಾರಿನಲ್ಲಿ ಇನ್‌ಟೇಕ್ (ಗಾಳಿ ಒಳಸೇರುವ) ಕೊಳವೆಗಳು ಓಟದ ನಡುವೆಯೇ ಉದ್ದ ಬದಲಿಸುತ್ತಿದ್ದವು. ನನಗೆ ಅದರ ಅಗತ್ಯವಿರಲಿಲ್ಲ. ಒಂದೇ ವೇಗಕ್ಕೆ ಒಪ್ಪುವ ಒಂದೇ ಉದ್ದ ಸಾಕಿತ್ತು.

ಲೆಕ್ಕ ಹೀಗಿದೆ. ಪೋರ್ಟಿನಿಂದ ಹೊರಟ ಒತ್ತಡದ ಅಲೆ ಪೈಪಿನ ತೆರೆದ ತುದಿಯನ್ನು ಮುಟ್ಟಿ, ಎಳೆಯುವ ಅಲೆಯಾಗಿ ಹಿಂತಿರುಗುತ್ತದೆ. ಇನ್‌ಟೇಕ್ ತೆರೆದು ಎಕ್ಸಾಸ್ಟ್ ಇನ್ನೂ ಮುಚ್ಚಿರದ ಗಳಿಗೆಯಲ್ಲಿ ಅದು ಪೋರ್ಟಿಗೆ ಬಂದರೆ ಉಳಿದ ಹೊಗೆಯನ್ನೂ ಎಳೆದು ಹಾಕುತ್ತದೆ. ನನ್ನ ಎಂಜಿನ್ನಿನಲ್ಲಿ ಆ ಗಳಿಗೆ ಶಾಫ್ಟಿನ 16 ಡಿಗ್ರಿ ಮಾತ್ರ, ಅಂದರೆ ಅರ್ಧ ಮಿಲಿಸೆಕೆಂಡ್. ಎಕ್ಸಾಸ್ಟ್ ತೆರೆದಲ್ಲಿಂದ ಆ ಗಳಿಗೆಯ ನಡುವಿಗೆ 381 ಡಿಗ್ರಿ. 5500 ಸುತ್ತಿನಲ್ಲಿ ಸುಮಾರು 11.5 ಮಿಲಿಸೆಕೆಂಡ್. 900 ಡಿಗ್ರಿಯ ಅನಿಲದಲ್ಲಿ ಅಲೆ ಸೆಕೆಂಡಿಗೆ ಹೆಚ್ಚುಕಡಿಮೆ 670 ಮೀಟರ್ ಓಡುತ್ತದೆ. ಹೋಗಿ ಬರುವ ದಾರಿ ಸೇರಿಸಿ ಹಿಡಿದರೆ ಪೈಪ್ 3.86 ಮೀಟರ್ ಉದ್ದವಿರಬೇಕು. ಆರು ಮೀಟರ್ ಚಿಲ್ಲರೆ ಉದ್ದದ ವಿಮಾನದಲ್ಲಿ ಅದನ್ನು ಎಲ್ಲಿ ಇಡುವುದು?

ದಾರಿ ಇತ್ತು. ಅಲೆ ಒಂದೇ ಸಲಕ್ಕೆ ಸಾಯುವುದಿಲ್ಲ. ಮೊದಲ ಸಲ ಎಳೆಯುತ್ತದೆ, ಎರಡನೆಯ ಸಲ ತಳ್ಳುತ್ತದೆ, ಮೂರನೆಯ ಸಲ ಮತ್ತೆ ಎಳೆಯುತ್ತದೆ. ಮೂರನೆಯದನ್ನು ಹಿಡಿದರೆ 1.29 ಮೀಟರ್ ಸಾಕು. ಎಳೆತ ಮೊದಲಿನಷ್ಟು ಬಲವಾಗಿರುವುದಿಲ್ಲ, ನಿಜ. 1.9 ಮೀಟರಿನ ಸುತ್ತಮುತ್ತ ಮಾತ್ರ ಹೋಗಬಾರದು. ಅಲ್ಲಿ ತಳ್ಳುವ ಅಲೆಯೇ ಸಿಗುತ್ತದೆ. ಎರಡು ರೋಟರುಗಳ ಎರಡು ಪೈಪುಗಳು ಆ ದೂರದಲ್ಲಿ ಕೂಡಿದರೆ ಪಕ್ಕದ ರೋಟರಿನ ಹೊಡೆತವೂ ಅದೇ ಹೊತ್ತಿಗೆ ಬಂದು ಬಡಿಯುತ್ತದೆ.

ಪೈಪಿನ ಉದ್ದಕ್ಕೂ ಅನಿಲ 900 ಡಿಗ್ರಿಯಲ್ಲೇ ಇರುತ್ತದೆ ಎಂದುಕೊಂಡದ್ದು ನನ್ನ ತಪ್ಪು. ತುದಿಯಲ್ಲೊಂದು ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಸಿಕ್ಕಿಸಿ ನೋಡಿದರೆ 600 ತೋರಿಸಿತು. ಸರಾಸರಿ 750 ಎಂದು ಹಿಡಿದಾಗ ಅಲೆಯ ವೇಗ ಇಳಿದು, ಬೇಕಾದ ಉದ್ದ 1.20 ಮೀಟರಿಗೆ ಬಂತು.

ಕಾಗದವನ್ನು ನಂಬಿ ಪೈಪ್ ಕತ್ತರಿಸುವ ಧೈರ್ಯ ನನಗಿರಲಿಲ್ಲ. ಎರಡು ಪೈಪನ್ನೂ 1.50 ಮೀಟರ್ ಇಟ್ಟು, ಪ್ರತಿ ಸಲ ಐದು ಸೆಂಟಿಮೀಟರ್ ಕತ್ತರಿಸುತ್ತಾ, ಚಕ್ರಗಳಿಗೆ ಅಡ್ಡ ಕೊಟ್ಟು, ಬಾಲವನ್ನು ಕಟ್ಟಿಹಾಕಿ ಪೂರ್ತಿ ಥ್ರಾಟಲ್ ಕೊಡುತ್ತಿದ್ದೆ. ಕೋನ ಬದಲಾಗದ ಪ್ರೊಪೆಲ್ಲರ್ ಶಕ್ತಿ ಅಳೆಯುವ ಒಳ್ಳೆಯ ಸಾಧನ. ಅದು ನುಂಗುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರುತ್ತದೆ. 1.30 ಮೀಟರಿನಲ್ಲಿ ಸುತ್ತು 5000ದಿಂದ 5070ಕ್ಕೆ ಏರಿತು. ಎಂದರೆ ಶಕ್ತಿ ಶೇಕಡಾ ನಾಲ್ಕರಷ್ಟು ಹೆಚ್ಚಿತು. ಗಾಳಿಯ ಶಾಖ ಬದಲಾದರೂ ಇಷ್ಟೇ ವ್ಯತ್ಯಾಸ ಬರುವುದರಿಂದ, ಎಲ್ಲ ಪರೀಕ್ಷೆಗಳನ್ನೂ ಸೂರ್ಯ ಹುಟ್ಟುವ ಹೊತ್ತಿಗೆ ಒಂದೇ ಉಷ್ಣತೆಯಲ್ಲಿ ಮಾಡಿದೆ. ನೆಲದ ಮೇಲೆ ಸಿಕ್ಕ ಉದ್ದ ಆಕಾಶಕ್ಕೆ ಹೊಂದುವುದಿಲ್ಲ. 5000ಕ್ಕೆ ಒಪ್ಪಿದ 1.30 ಮೀಟರನ್ನು 5500ಕ್ಕೆ ಇಳಿಸಿದರೆ 1.18. ಕಾಗದದ ಲೆಕ್ಕಕ್ಕೂ ಇದಕ್ಕೂ ಎರಡೇ ಸೆಂಟಿಮೀಟರ್ ವ್ಯತ್ಯಾಸ. ಆ ಬೆಳಿಗ್ಗೆ ಹ್ಯಾಂಗರಿನ ನೆಲದ ಮೇಲೆ ಕುಳಿತು ಎರಡು ಅಂಕಿಗಳನ್ನೂ ಬಹಳ ಹೊತ್ತು ನೋಡಿದೆ.

ಆಮೇಲೆ ಬಂತು ಸೈಲೆನ್ಸರ್. ತೂತು ಕೊರೆದ ಒಳಪೈಪು, ಸುತ್ತ ನಾರಿನ ತುಂಬುವಿಕೆ, ಕೊನೆಯಲ್ಲಿ ಅಡ್ಡ ತಟ್ಟೆ ಇದ್ದ ಒಂದು ಮಾದರಿಯನ್ನು ಕೊಂಡು ಹಾಕಿದೆ. ನನ್ನ ವಿಮಾನಕ್ಕೆ 40 ಗಂಟೆಯ ಪರೀಕ್ಷಾ ಹಾರಾಟ ಕಡ್ಡಾಯವಾಗಿತ್ತು. ಹನ್ನೊಂದನೆಯ ಗಂಟೆಯಲ್ಲಿ, ಮೇಲೇರುತ್ತಿದ್ದಾಗಲೇ, ಸುತ್ತು ಇನ್ನೂರು ಇಳಿಯಿತು. ಕೂಡಲೇ ತಿರುಗಿ ಬಂದು ಇಳಿದೆ. ಬಿಚ್ಚಿ ನೋಡಿದರೆ ನಾರು ಪೂರ್ತಿ ಹಾರಿಹೋಗಿತ್ತು. ಅಡ್ಡ ತಟ್ಟೆ ಬೆಸುಗೆ ಬಿಟ್ಟು ಅರ್ಧ ದಾರಿಯನ್ನು ಮುಚ್ಚಿ ಕುಳಿತಿತ್ತು. ಪೂರ್ತಿ ಮುಚ್ಚಿದ್ದರೆ ಎಂಜಿನ್ ಉಸಿರುಗಟ್ಟಿ ನಿಲ್ಲುತ್ತಿತ್ತು. ಅನಿಲದ ದಾರಿಗೆ ಅಡ್ಡವಾಗಿ ಯಾವ ತಟ್ಟೆಯನ್ನೂ ಇಡುವುದಿಲ್ಲ ಎಂದು ಅಂದೇ ನಿರ್ಧರಿಸಿದೆ. ರೋಟರಿ ಹಾರಿಸುವ ಯಾರಿಗೇ ಆದರೂ ನಾನು ಮೊದಲು ಹೇಳುವುದು ಇದನ್ನೇ.

ಎರಡನೆಯದನ್ನು ನಾನೇ ಕಟ್ಟಿದೆ. ನೇರ ದಾರಿಯ ಇನ್‌ಕೊನೆಲ್ (ಶಾಖ ತಡೆಯುವ ನಿಕಲ್ ಮಿಶ್ರಲೋಹ) ಒಳಪೈಪು, 321 ದರ್ಜೆಯ ಸ್ಟೇನ್‌ಲೆಸ್ ಹೊರಕವಚ, ನಾರಿಲ್ಲದ ಖಾಲಿ ಕೋಣೆ. ಸದ್ದು ಸ್ವಲ್ಪ ಹೆಚ್ಚು. ಟಿಗ್ ವೆಲ್ಡಿಂಗ್ (ಆರ್ಗಾನ್ ಅನಿಲದ ರಕ್ಷಣೆಯಲ್ಲಿ ಮಾಡುವ ವಿದ್ಯುತ್ ಬೆಸುಗೆ) ಮಾಡುವಾಗ ಪೈಪಿನ ಒಳಗೂ ಆರ್ಗಾನ್ ತುಂಬಿಸಲೇಬೇಕು. ಇಲ್ಲದಿದ್ದರೆ ಒಳಬದಿಯ ಬೆಸುಗೆ ಸಕ್ಕರೆ ಹರಳಿನಂತೆ ಕಪ್ಪಗೆ ಉಬ್ಬಿ, ಅಲ್ಲಿಂದಲೇ ಬಿರುಕು ಬಿಡುತ್ತದೆ. ಒಂದು ಮೀಟರ್ ಸ್ಟೇನ್‌ಲೆಸ್ ಪೈಪ್ 700 ಡಿಗ್ರಿ ಏರಿದರೆ 13 ಮಿಲಿಮೀಟರಿನಷ್ಟು ಬೆಳೆಯುತ್ತದೆ. ನನ್ನ ಮೊದಲ ಜೋಡಣೆಯಲ್ಲಿ ಎರಡೂ ತುದಿ ಬಿಗಿದಿದ್ದರಿಂದ ಪೋರ್ಟಿನ ಪಕ್ಕದ ಫ್ಲ್ಯಾಂಜೇ (ಪೈಪನ್ನು ಎಂಜಿನ್ನಿಗೆ ಬಿಗಿಯುವ ಅಂಚು) ಸೀಳಿತ್ತು. ಈಗ ಒಂದರೊಳಗೊಂದು ಜಾರುವ ಕೀಲು, ಸ್ಪ್ರಿಂಗ್ ಹಿಡಿತ. ಕೀಲು ಎಂಜಿನ್ ಮುಚ್ಚುವ ಕೌಲಿಂಗಿನ ಹೊರಗಿದೆ, ಸೋರಿದ ಹೊಗೆ ಕಾಕ್‌ಪಿಟ್ಟಿಗೆ ಬರಬಾರದು ಎಂದು. ಆದರೂ ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆ ಸಾಧನ ಕಣ್ಣೆದುರಿಗೇ ಇದೆ.

ಈ ಸೈಲೆನ್ಸರ್ ಇನ್ನೂರು ಗಂಟೆ ದಾಟಿದೆ. ಎಣ್ಣೆ ಬದಲಿಸುವಾಗಲೆಲ್ಲ ಮರದ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳುತ್ತೇನೆ, ತುದಿಯಿಂದ ಬೋರ್‌ಸ್ಕೋಪ್ (ತೆಳು ಕ್ಯಾಮೆರಾ ನಳಿಕೆ) ಇಳಿಸಿ ನೋಡುತ್ತೇನೆ. ಕಳೆದ ತಿಂಗಳು ಒಳಪೈಪಿನ ಎರಡು ತೂತುಗಳ ನಡುವೆ ಕೂದಲೆಳೆಯಷ್ಟು ಬಿರುಕು ಕಂಡಿತು. ಹೊಸದಕ್ಕೆ ಲೋಹದ ಹಾಳೆ ಕತ್ತರಿಸಿಟ್ಟಿದ್ದೇನೆ.