ಪಂಚಾಯತಿನ ಬಜೆಟ್ಟಿನಲ್ಲಿ ಊರ ಚರಿತ್ರೆಗೊಂದು ಸಾಲು

ಒಂದು ದಿನ ನಮ್ಮ ಪಂಚಾಯತು ಕಚೇರಿಗೆ ಒಬ್ಬ ಹುಡುಗ ಅಜ್ಜನ ಕಾಲದ ಮೂಲಗೇಣಿ ಚೀಟು (ಜಮೀನನ್ನು ಶಾಶ್ವತ ಗೇಣಿಗೆ ಕೊಟ್ಟ ಪತ್ರ) ಹಿಡಿದುಕೊಂಡು ಬಂದಿದ್ದ. ಅಲ್ಲಿದ್ದ ಯಾರಿಗೂ ಅದನ್ನು ಓದಲು ಬರಲಿಲ್ಲ. ನಾನು ಕನ್ನಡ ಟೀಚರಾಗಿ ಪೆನ್ಷನ್ ಆದವಳು. ನನಗೂ ಅರ್ಧ ಮಾತ್ರ ಓದಲು ಆಯಿತು. ಮೋಡಿ ಅಕ್ಷರ, ಅಂದರೆ ಕೂಡಿಸಿ ಬರೆಯುವ ಹಳೆಯ ಕೈಬರಹ. ಮಸಿ ಬೇರೆ ಹರಡಿತ್ತು. ಅವನು ಕಾಗದವನ್ನು ಮಡಚಿ ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ಹೋದ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಕಾಸರಗೋಡು 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅದಕ್ಕೆ ಮೊದಲು ನಾವು ಮದ್ರಾಸಿನ ಕೈಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯವರು. ನಮ್ಮ ಊರಲ್ಲಿ ಶಾನುಭೋಗರ ಲೆಕ್ಕ, ಶಾಲೆಯ ದಾಖಲಾತಿ ಪುಸ್ತಕ, ಗೇಣಿ ಚೀಟು ಎಲ್ಲವೂ ಕನ್ನಡದಲ್ಲೇ ಇದ್ದವು. ಈಗ ಕಚೇರಿಯ ಕೆಲಸ ಹೆಚ್ಚಾಗಿ ಮಲಯಾಳದಲ್ಲಿ. ಹಾಗಾಗಿ ಆ ತಾರೀಕಿಗಿಂತ ಹಿಂದಿನ ಊರು ನಮ್ಮ ಕಣ್ಣೆದುರೇ ಇದ್ದೂ ಓದಲಿಕ್ಕೆ ಸಿಗುವುದಿಲ್ಲ.

ಇಂಥ ಕಾಗದ, ನೆನಪುಗಳನ್ನು ಉಳಿಸುವ ಕೆಲಸವನ್ನು ಮೊದಲ ಎರಡು ವರ್ಷ ನಾನೇ ಪುಕ್ಕಟೆ ಮಾಡಿದೆ. ಮನೆ ಮನೆಗೆ ಹೋಗಿ ಕಾಗದಗಳ ಫೋಟೋ ತೆಗೆದೆ, ಹಿರಿಯರ ಮಾತು ಬರೆದುಕೊಂಡೆ. ಮಗಳ ಬಾಣಂತನಕ್ಕೆ ಹೋದಾಗ ಆರು ತಿಂಗಳು ಕೆಲಸ ನಿಂತಿತು. ಆ ಆರು ತಿಂಗಳಲ್ಲಿ ಇಬ್ಬರು ಅಜ್ಜಂದಿರು ತೀರಿಕೊಂಡರು. ಇಬ್ಬರ ಹೆಸರೂ ನನ್ನ ಪಟ್ಟಿಯಲ್ಲಿತ್ತು. ಕೆಲಸ ಯಾಕೆ ನಿಂತಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಸಂಬಳ ಕೊಡದ ಕೆಲಸವನ್ನು ಯಾರು ಕೇಳುತ್ತಾರೆ, ಅಲ್ವಾ? ಇದಕ್ಕೆ ಪಂಚಾಯತಿನ ದುಡ್ಡೇ ಬೇಕು ಎಂದು ನನಗೆ ಆಗ ಗಟ್ಟಿಯಾಯಿತು.

ಹಳೆಯ ಶಿಷ್ಯನೊಬ್ಬ ನ್ಯೂಯಾರ್ಕ್ ರಾಜ್ಯದ ಕಾನೂನಿನ ಬಗ್ಗೆ ಹೇಳಿದ. ಅಲ್ಲಿ 1919ರಿಂದಲೇ ಸ್ಥಳೀಯ ಆಡಳಿತಗಳು ತಮ್ಮ ಊರಿಗೊಬ್ಬ ಅಧಿಕೃತ ಇತಿಹಾಸಕಾರರನ್ನು ನೇಮಿಸಬೇಕು. ಆದರೆ ಸಂಬಳ ಕಡ್ಡಾಯವಲ್ಲ, ಸ್ಥಳೀಯ ಆಡಳಿತ ಮನಸ್ಸು ಮಾಡಿದರೆ ಉಂಟು. ನನಗೆ ಮೊದಲರ್ಧ ಇಷ್ಟವಾಯಿತು, ಎರಡನೆಯದು ಆಗಲಿಲ್ಲ. ನಮ್ಮಲ್ಲಿ ಬರೀ ಹೆಸರು ಕೊಟ್ಟರೆ ಅದು ಸನ್ಮಾನದ ಶಾಲಿನ ಹಾಗೆ ಪೆಟ್ಟಿಗೆ ಸೇರುತ್ತದೆ.

ಕೇಳುವುದಕ್ಕೆ ಒಂದು ಆಧಾರ ನಮ್ಮಲ್ಲೇ ಇತ್ತು. 1996ರಲ್ಲಿ ಕೇರಳದಲ್ಲಿ ಜನಕೀಯ ಯೋಜನೆ (ಊರಿನ ಯೋಜನೆಯನ್ನು ಜನರೇ ಸೇರಿ ಮಾಡುವುದು) ಶುರುವಾದಾಗ ಪಂಚಾಯತುಗಳು ವಿಕಸನ ವರದಿ, ಅಂದರೆ ಅಭಿವೃದ್ಧಿ ವರದಿ ಬರೆದವು. ಅದರಲ್ಲಿ ಊರಿನ ಚರಿತ್ರೆಗೂ ಜಾಗ ಇತ್ತು. ನಮ್ಮ ವರದಿ ವಾಚನಾಲಯದ ಕಪಾಟಿನಲ್ಲಿ ಸಿಕ್ಕಿತು. ಚರಿತ್ರೆಗೆ ನಾಲ್ಕೇ ಪುಟ. ದೇವಸ್ಥಾನ, ಮಸೀದಿ, ಶಾಲೆಗಳ ಹೆಸರು, ಅಷ್ಟೆ. ನಾನು ಅದರ ಜೆರಾಕ್ಸ್ ತೆಗೆದು ಅಧ್ಯಕ್ಷರ ಮುಂದೆ ಇಟ್ಟೆ. "ಹೊಸತೇನೂ ಕೇಳುವುದಿಲ್ಲ, ಪಂಚಾಯತೇ ಶುರು ಮಾಡಿದ್ದು ಬಾಕಿ ಉಂಟು" ಎಂದೆ.

ಅವರು ಹೇಳಿದ್ದು ಒಂದೇ ಮಾತು: "ಟೀಚರೇ, ಗ್ರಾಮಸಭೆಯಲ್ಲಿ ಬರಲಿ."

ಇಲ್ಲಿ ಗ್ರಾಮಸಭೆ ಎಂದರೆ ವಾರ್ಡಿನ ಸಭೆ. ಹತ್ತರಲ್ಲೊಬ್ಬ ಮತದಾರ ಬಂದರೆ ಕೋರಂ. ನಾನು ಕುಟುಂಬಶ್ರೀ ಎಂಬ ಸ್ವಸಹಾಯ ಗುಂಪಿನ ಹೆಂಗಸರಿಗೆ ವಾರದ ಮೊದಲೇ ಹೇಳಿಟ್ಟಿದ್ದೆ. ಸಭೆಯಲ್ಲಿ ಎದ್ದು ನಿಂತು ಶಾಸನ, ಕೋಟೆ, ಕುಂಬಳೆಯ ಅರಸರು ಎಂದೆಲ್ಲ ಮಾತಾಡಿದೆ. ಯಾರ ಮುಖದಲ್ಲೂ ಆಸಕ್ತಿ ಕಾಣಲಿಲ್ಲ. ಆಗ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಕೇಳಿದರು: "ನಮ್ಮ ಸುರಂಗ ತೋಡಿದ್ದು ಯಾರು, ಎಷ್ಟು ಕೋಲು ಉದ್ದ ಉಂಟು, ಯಾವ ಬೇಸಗೆಯಲ್ಲಿ ಬತ್ತಿತ್ತು, ಅದನ್ನೂ ಬರೀತೀರಾ ಟೀಚರೇ?"

ಅಲ್ಲಿಂದ ಸಭೆಯೇ ಬದಲಾಯಿತು. ನಮ್ಮ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ನೀರು ತಂದ ಸುರಂಗಗಳು ಎಷ್ಟೋ ಇವೆ. ತೋಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಪ್ರತಿಯೊಬ್ಬರೂ ತಮ್ಮ ಮನೆಯ ಸುರಂಗದ ಬಗ್ಗೆ ಹೇಳತೊಡಗಿದರು. ಬೇಡಿಕೆ ಮಿನಿಟ್ಸಿಗೆ ಹೋಯಿತು. ಚರಿತ್ರೆಗೆ ದುಡ್ಡು ಕೇಳುವವರು ಅರಸರಿಂದ ಶುರು ಮಾಡಬಾರದು, ನೀರಿನಿಂದ ಶುರು ಮಾಡಬೇಕು ಎಂಬುದು ಅಂದಿನಿಂದ ನನ್ನ ನಂಬಿಕೆ.

ಅರ್ಜಿ ಹಾಕಿದ ಮೊದಲ ವರ್ಷ ನಾನೇ ಒಂದು ತಪ್ಪು ಮಾಡಿದೆ. ಅರ್ಜಿಯಲ್ಲಿ 'ಚರಿತ್ರೆಕಾರರ ಹುದ್ದೆ' ಎಂದು ಬರೆದೆ. ಮೇಲಿನಿಂದ ವಾಪಸ್ ಬಂತು. ಪಂಚಾಯತು ತನ್ನಷ್ಟಕ್ಕೆ ಕಾಯಂ ಹುದ್ದೆ ಮಾಡುವ ಹಾಗಿಲ್ಲ. ಅದಕ್ಕೆ ಸರಕಾರದ ಒಪ್ಪಿಗೆ ಬೇಕು. ಮರುವರ್ಷ ಅದನ್ನೇ ಒಂದು ವರ್ಷದ ಯೋಜನೆಯಾಗಿ ಬರೆದೆವು: 'ಊರ ದಾಖಲೆ ಸಂರಕ್ಷಣೆ'. ಗೌರವಧನ ಪಂಚಾಯತಿನ ಸ್ವಂತ ನಿಧಿಯಿಂದ. ಸ್ಕ್ಯಾನರ್, ರೆಕಾರ್ಡರ್, ಗೆದ್ದಲು ಹಿಡಿಯದ ಕಬ್ಬಿಣದ ಕಪಾಟು ಯೋಜನಾ ನಿಧಿಯಿಂದ. ಆಡಿಟಿನವರು ಏನು ಕೇಳುತ್ತಾರೆ ಎಂದು ಸೆಕ್ರೆಟರಿಯವರ ಹತ್ತಿರ ಕೂತು ಮೊದಲೇ ಬರೆದಿಟ್ಟೆವು. ತಿಂಗಳಿಗೆ ಎಷ್ಟು ಪುಟ ಸ್ಕ್ಯಾನ್, ಎಷ್ಟು ಗಂಟೆ ರೆಕಾರ್ಡಿಂಗ್, ಎಷ್ಟು ಸುರಂಗದ ಅಳತೆ. ವರ್ಕಿಂಗ್ ಗ್ರೂಪು, ವಿಕಸನ ಸೆಮಿನಾರು, ಜಿಲ್ಲಾ ಯೋಜನಾ ಸಮಿತಿ, ಎಲ್ಲ ದಾಟಿ ಪಾಸಾಯಿತು.

ಈ ಕೆಲಸ ಮಾಡುವವರ ಆಯ್ಕೆಗೆ ನಾನು ಒಂದೇ ಹಟ ಹಿಡಿದೆ. ಸರ್ಟಿಫಿಕೇಟು ಆಮೇಲೆ ನೋಡೋಣ, ಮೊದಲು ಒಂದು ಪುಟ ಮೋಡಿ ಓದಿಸೋಣ. ಏಳು ಜನ ಬಂದರು. ಪೂರ್ತಿ ಓದಿದವರು ಯಾರೂ ಇಲ್ಲ. ಒಬ್ಬಳು ಮಾತ್ರ ಗೊತ್ತಾಗದ ಅಕ್ಷರಗಳನ್ನು ಬೇರೆ ಹಾಳೆಯಲ್ಲಿ ಬರೆದುಕೊಂಡು, ಅದೇ ಅಕ್ಷರ ಇನ್ನೆಲ್ಲಿ ಬಂದಿದೆ ಎಂದು ಹುಡುಕುತ್ತಿದ್ದಳು. ಅವಳನ್ನೇ ತೆಗೆದುಕೊಂಡೆವು. ತುಳು, ಮಲಯಾಳ ಎರಡೂ ಚೆನ್ನಾಗಿ ಬರುತ್ತದೆ. ಇಲ್ಲಿ ಅದಿಲ್ಲದೆ ಅಂಗಳದಿಂದ ಮುಂದೆ ಹೋಗಲು ಆಗುವುದಿಲ್ಲ.

ಯಾರ ಮನೆಯ ಅಸಲು ಕಾಗದವನ್ನೂ ನಾವು ತರುವುದಿಲ್ಲ. ಅವರದೇ ಜಗಲಿಯಲ್ಲಿ ಕೂತು ಸ್ಕ್ಯಾನ್ ಮಾಡಿ, ಆಗಲೇ ಕೈಗೆ ಕೊಟ್ಟು ಬರುತ್ತೇವೆ. ಆದರೂ ಜಾಗದ ತಕರಾರು ಇರುವ ಮನೆಯವರು ಪೆಟ್ಟಿಗೆ ತೆರೆಯಲಿಲ್ಲ. ಅವರ ಹೆದರಿಕೆ ಸರಿಯೇ. ಒತ್ತಾಯ ಮಾಡಲಿಲ್ಲ.

ಆ ಹುಡುಗನ ಚೀಟನ್ನು ಅವಳು ನಾಲ್ಕನೇ ತಿಂಗಳಲ್ಲಿ ಓದಿದಳು. ಎಷ್ಟು ಮುಡಿ ಅಕ್ಕಿ ಗೇಣಿ ಎಂಬುದರ ಜೊತೆಗೆ ಗಡಿಯ ವಿವರವೂ ಇತ್ತು. ಗಡಿಯಲ್ಲಿ ಒಂದು ಅಡ್ಕದ (ಬೇಸಾಯ ಮಾಡದ ಬಯಲಿನ) ಹೆಸರು. ಅಲ್ಲಿ ಈಗ ರಬ್ಬರ್ ತೋಟ, ಆ ಹೆಸರು ಈಗ ಯಾರ ಬಾಯಲ್ಲೂ ಇಲ್ಲ.

ತೊಂದರೆ ಇಲ್ಲ ಎಂದಲ್ಲ. ಬಿಲ್ಲು ಒಂದು ಮೇಜಿನಲ್ಲಿ ಕೂತು ಅವಳಿಗೆ ಮೂರು ತಿಂಗಳ ಗೌರವಧನ ಬರಲಿಲ್ಲ. ಬಸ್ಸಿನ ದುಡ್ಡಿಗೆ ಅವಳು ಟ್ಯೂಷನ್ ಹೇಳಿದಳು. ನನಗೆ ತುಂಬಾ ಬೇಜಾರಾದದ್ದು ಅದೇ. ಮತ್ತೆ, ಒಂದು ವರ್ಷದ ಕರಾರು ಯಾವುದಕ್ಕೂ ಸಾಲದು. ಮೋಡಿ ಕೈಗೆ ಹತ್ತಲು ಆರು ತಿಂಗಳು ಬೇಕು, ಹತ್ತುವಷ್ಟರಲ್ಲಿ ಕರಾರು ಮುಗಿಯುತ್ತದೆ. ಹಾಗಾಗಿ ಈ ಸಲದ ಗ್ರಾಮಸಭೆಯಲ್ಲಿ ಎರಡು ಬೇಡಿಕೆ ಬರೆಸಿದ್ದೇವೆ. ಸಾಧ್ಯವಿದ್ದಷ್ಟು ಉದ್ದದ ಕರಾರು, ತಿಂಗಳ ಹತ್ತನೇ ತಾರೀಕಿನೊಳಗೆ ಗೌರವಧನ. ಎದ್ದು ನಿಂತು ಅದನ್ನು ಓದಿದ್ದು ನಾನಲ್ಲ, ಸುರಂಗದ ಬಗ್ಗೆ ಕೇಳಿದ ಆ ಅಕ್ಕ.