ಮನೆ ಸ್ಟುಡಿಯೋಗೆ ಹೆಡ್‌ಫೋನ್: ಕೇಳಿದ ಕೂಡಲೇ ಇಷ್ಟವಾದದ್ದನ್ನು ಕೊಳ್ಳಬೇಡಿ

ಭಾವಗೀತೆ ಹಾಡಿ ರೆಕಾರ್ಡ್ ಮಾಡುವವರು, ಪಾಡ್‌ಕಾಸ್ಟ್ ಮಾಡುವವರು ಮೈಕು ಕೊಳ್ಳುವ ಮುಂಚೆ ಹತ್ತು ಜನರನ್ನು ವಿಚಾರಿಸುತ್ತಾರೆ. ಹೆಡ್‌ಫೋನ್ ಮಾತ್ರ ಅಂಗಡಿಯಲ್ಲಿ ಎರಡು ನಿಮಿಷ ಹಾಕಿಕೊಂಡು, ‘ಬೇಸ್ ಸಖತ್ತಾಗಿದೆ’ ಅಂತ ಬಿಲ್ ಮಾಡಿಸಿಬಿಡುತ್ತಾರೆ. ಎಡವುವುದು ಅಲ್ಲೇ. ಬೇಸ್ ಉಬ್ಬಿಸಿ ಕೇಳಿಸುವ ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡಲು, ಅಂದರೆ ದನಿ ವಾದ್ಯಗಳ ಸದ್ದನ್ನು ಹದವಾಗಿ ಬೆರೆಸಲು, ಕೂತರೆ ನೀವು ಬೇಸನ್ನು ಇಳಿಸುತ್ತಾ ಹೋಗುತ್ತೀರಿ. ಅದೇ ಹಾಡು ಕಾರಿನಲ್ಲಿ ಸಪ್ಪೆಯಾಗಿ ಕೇಳಿಸುತ್ತದೆ. ರೆಕಾರ್ಡಿಂಗ್ ಕೆಲಸಕ್ಕೆ ಬಳಸುವ ಮಾನಿಟರಿಂಗ್ ಹೆಡ್‌ಫೋನ್ ಇರುವುದು ಹುಳುಕು ತೋರಿಸೋಕೆ.

ಹೆಜ್ಜೆ 1: ಕ್ಲೋಸ್ಡ್ ಬ್ಯಾಕ್, ಅದೂ ವೈರ್ ಇರುವುದು

ಹಿಂಬದಿಗೆ ಜಾಲರಿ ಇರುವ ಓಪನ್ ಬ್ಯಾಕ್ ಮಿಕ್ಸಿಂಗಿಗೆ ಒಳ್ಳೆಯದೇ. ಆದರೆ ಹಾಡುವಾಗ ಟ್ರ್ಯಾಕಿನ (ಹಿನ್ನೆಲೆ ಸಂಗೀತದ) ಸದ್ದು ಅದರಿಂದ ಸೋರಿ ಮೈಕಿಗೆ ಹೋಗುತ್ತದೆ. ಒಂದೇ ಒಂದು ಕೊಳ್ಳುವ ಬಜೆಟ್ ಇದ್ದರೆ ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕೇ ಸರಿ. ಬ್ಲೂಟೂತ್ ಬೇಡವೇ ಬೇಡ. ಅದರಲ್ಲಿ ಸದ್ದು ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತದೆ, ತಾಳ ಹಿಡಿದು ಹಾಡೋಕೆ ಆಗಲ್ಲ. ‘7.1 ಸರೌಂಡ್’ ಅಂತ ಬಣ್ಣದ ಲೈಟ್ ಮಿನುಗಿಸುವ ಗೇಮಿಂಗ್ ಹೆಡ್‌ಸೆಟ್ಟಿಗೂ ಕೈಮುಗಿದು ಮುಂದೆ ಹೋಗಿ. ಡಬ್ಬದ ಮೇಲೆ ‘ಸ್ಟುಡಿಯೋ’ ಅಂತ ಅಚ್ಚು ಹಾಕೋಕೆ ಯಾರ ಅಪ್ಪಣೆಯೂ ಬೇಕಿಲ್ಲ, ಅದನ್ನೂ ನಂಬಬೇಡಿ.

ಹೆಜ್ಜೆ 2: ಓಮ್ ನೋಡಿ

ಓಮ್ ಅಂದರೆ ಹೆಡ್‌ಫೋನ್ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ. 32ರಿಂದ 80 ಓಮ್ ಒಳಗಿದ್ದರೆ ಸಾಕು. 250 ಓಮಿನದನ್ನು ಲ್ಯಾಪ್‌ಟಾಪಿಗೆ ಚುಚ್ಚಿದರೆ ಸಾಮಾನ್ಯವಾಗಿ ಸದ್ದು ಸಾಲುವುದಿಲ್ಲ.

ಹೆಜ್ಜೆ 3: ಕೇಳಿ ನೋಡುವುದು

ಅಂಗಡಿಯವರು ಹಾಕುವ ಡೆಮೊ ಹಾಡು ಯಾವ ಹೆಡ್‌ಫೋನಿನಲ್ಲೂ ಚೆನ್ನಾಗೇ ಕೇಳುತ್ತದೆ. ನಿಮಗೆ ಬಾಯಿಪಾಠ ಆಗಿರುವ ಎರಡು ಮೂರು ಹಾಡುಗಳನ್ನು ಒಳ್ಳೆಯ ಫೈಲಿನಲ್ಲಿ ಒಯ್ಯಿರಿ. ಜೊತೆಗೆ ಯಾವ ಎಫೆಕ್ಟೂ ಹಾಕದ ನಿಮ್ಮದೇ ದನಿಯ ರೆಕಾರ್ಡಿಂಗ್ ಒಂದಿರಲಿ. ಫೋನಿನಲ್ಲಿ ಈಕ್ವಲೈಜರ್, ಡಾಲ್ಬಿ ಎಲ್ಲ ಆಫ್ ಮಾಡಿ.

ಎರಡನ್ನು ಹೋಲಿಸುವಾಗ ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ. ಬಹಳ ಜನ ಇದನ್ನು ಬಿಟ್ಟೇಬಿಡುತ್ತಾರೆ. ಒಂದು ಚೂರು ಜಾಸ್ತಿ ಸದ್ದು ಬಂದರೂ ಅದೇ ಮೇಲು ಅಂತ ಕಿವಿ ತೀರ್ಪು ಕೊಡುತ್ತದೆ, ಯಾಕೆಂದರೆ ಸದ್ದು ಏರಿದಂತೆ ಬೇಸೂ ತುಂಬಿಕೊಂಡ ಹಾಗೆ ಕೇಳುತ್ತದೆ. ನಿಮ್ಮ ದನಿಯ ರೆಕಾರ್ಡಿಂಗ್ ಹಾಕಿ, ಎರಡರಲ್ಲೂ ಮಾತು ಒಂದೇ ಗಟ್ಟಿಗೆ ಬರುವ ತನಕ ಹೆಚ್ಚು ಕಮ್ಮಿ ಮಾಡಿ. ಆಮೇಲೆ ಅದಲು ಬದಲು ಮಾಡುತ್ತಾ ಕೇಳಿ.

ಏನು ಕೇಳಬೇಕು? ‘ಸ’, ‘ಶ’, ‘ಚ’ ಬಂದಾಗ ಕಿವಿಗೆ ಚುಚ್ಚುತ್ತದಾ? ಸಾಲು ಶುರುವಾಗುವ ಮುಂಚಿನ ಉಸಿರು ಕೇಳುತ್ತದಾ? ಮೃದಂಗದ ಎಡಗೈ ಪೆಟ್ಟು ಒಂದೊಂದೂ ಬಿಡಿಯಾಗಿ ಬರಬೇಕು. ಎಲ್ಲ ಕಲಸಿ ಬರೀ ‘ಗುಮ್’ ಅಂದರೆ ಅದನ್ನು ಕೆಳಗಿಡಿ. ನಿಮ್ಮ ಒಂಟಿ ದನಿ ತಲೆಯ ನಟ್ಟನಡುವೆ ನಿಲ್ಲಬೇಕು. ಒಂದು ಕಿವಿಯ ಕಡೆಗೆ ಸರಿದರೆ ಎಡ ಬಲ ಸಮ ಇಲ್ಲ.

ಕಿವಿ ಮುಚ್ಚುವ ಕಪ್‌ಗಳನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ತಟ್ಟನೆ ಬೇಸ್ ಏರಿದರೆ ಪ್ಯಾಡ್ ಸರಿಯಾಗಿ ಕೂತಿಲ್ಲ ಅಂತ ಅರ್ಥ. ಕನ್ನಡಕದವರಿಗೆ ಇದು ಮಾಮೂಲು: ಕಡ್ಡಿಯ ಸಂದಿಯಲ್ಲಿ ಗಾಳಿಯಾಡಿ ಬೇಸ್ ಸೋರಿಹೋಗುತ್ತದೆ. ಕನ್ನಡಕ ಹಾಕಿಕೊಂಡೇ ಪರೀಕ್ಷೆ ಮಾಡಿ, ಕಾಲು ಗಂಟೆ ಹೆಡ್‌ಫೋನ್ ಕಳಚಬೇಡಿ. ತಲೆ ಹಿಂಡುತ್ತದೋ ಇಲ್ಲವೋ ಆಗ ಗೊತ್ತಾಗುತ್ತದೆ.

ಇಲ್ಲೊಂದು ಮಾತು. ‘ಹಾಡುಗಾರರ ದನಿಯೇ ಮಾಯ, ಪೀಸ್ ಕೆಟ್ಟಿದೆ’ ಅಂತ ವಾಪಸ್ ಕೊಡೋಕೆ ಹೊರಡುವವರಿದ್ದಾರೆ. ಎಷ್ಟೋ ಸಲ ಕೆಟ್ಟಿರುವುದು ಹೆಡ್‌ಫೋನ್ ಅಲ್ಲ. ಇಂಟರ್‌ಫೇಸಿಗೆ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಗೆ) ಹಾಕುವ 6.35 ಮಿಲಿಮೀಟರ್ ಅಡಾಪ್ಟರ್ ಪೂರ್ತಿ ಒಳಗೆ ಹೋಗಿರುವುದಿಲ್ಲ. ಎರಡೂ ಕಿವಿಗೆ ಸಾಮಾನ್ಯವಾದ ಗ್ರೌಂಡ್ ಸಂಪರ್ಕ ಸರಿಯಾಗಿ ತಾಗದಿದ್ದರೆ ಎಡಕ್ಕೂ ಬಲಕ್ಕೂ ಸಮನಾಗಿರುವ ಸದ್ದೆಲ್ಲ ಒಂದನ್ನೊಂದು ಕಳೆದುಹಾಕುತ್ತದೆ, ನಡುವಿನ ದನಿ ಹೋಗಿ ಸುತ್ತಲಿನದಷ್ಟೇ ಉಳಿಯುತ್ತದೆ. ಗಟ್ಟಿಯಾಗಿ ಒತ್ತಿ, ಅಥವಾ ಅಡಾಪ್ಟರ್ ಬದಲಿಸಿ.

ಹೆಜ್ಜೆ 4: ಯಾವುದು?

ನನ್ನನ್ನು ಕೇಳಿದರೆ ಆಡಿಯೋ ಟೆಕ್ನಿಕಾ ಎಂ40ಎಕ್ಸ್. 35 ಓಮ್, ಕೇಬಲ್ ಬಿಚ್ಚಿ ಬದಲಿಸಬಹುದು. ಎಲ್ಲರೂ ಹೊಗಳುವ ಎಂ50ಎಕ್ಸ್‌ನಲ್ಲಿ ಬೇಸ್ ಸ್ವಲ್ಪ ಮುಂದೆ ಬರುತ್ತದೆ, ಅದಕ್ಕೆ ಹೆಚ್ಚಿನ ದುಡ್ಡು ಯಾಕೆ? ಕೈ ಬಿಗಿಯಿದ್ದರೆ ಎಂ20ಎಕ್ಸ್ ಸಾಕು. ಸೋನಿಯ ಎಂಡಿಆರ್ 7506 ಮಾತಿನ ಕೆಲಸಕ್ಕೆ ಬಲು ಚೆನ್ನ. 1991ರಿಂದ ಬರುತ್ತಿದೆ, ಚಿಟಿಕೆಯಷ್ಟು ಕ್ಲಿಕ್ ಸದ್ದನ್ನೂ ಎತ್ತಿ ತೋರಿಸುತ್ತದೆ. ಆದರೆ ಅದರ ಸುರುಳಿ ಕೇಬಲ್ ಬಿಚ್ಚೋಕೆ ಬರಲ್ಲ. ಯಾವುದನ್ನೇ ಕೊಂಡರೂ ಬೇರೆ ಪ್ಯಾಡ್ ಸಿಗುತ್ತದಾ ಅಂತ ಮೊದಲೇ ನೋಡಿ. ಕರಾವಳಿಯ ಸೆಕೆಗೆ ರೆಕ್ಸಿನ್ ಪ್ಯಾಡು ಬೇಗ ಸಿಪ್ಪೆಯೇಳುತ್ತದೆ.

ಹೆಜ್ಜೆ 5: ಮನೆಗೆ ತಂದ ದಿನವೇ ಸೋರಿಕೆ ನೋಡಿ

ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಕೂರಿ. ಮೈಕಿನ ಸದ್ದು ಏರಿಸುವ ಗೇಯ್ನ್ ಹಾಡುವಾಗ ಇಡುವಷ್ಟೇ ಇರಲಿ. ಲಯಕ್ಕೆ ಟಿಕ್ ಟಿಕ್ ಅನ್ನುವ ಮೆಟ್ರೋನೋಮನ್ನು ಹೆಡ್‌ಫೋನಿನಲ್ಲಿ ಹಚ್ಚಿ, ಒಂದು ನಿಮಿಷ ಬಾಯಿ ಮುಚ್ಚಿಕೊಂಡು ರೆಕಾರ್ಡ್ ಮಾಡಿ, ಮತ್ತೆ ಹಾಕಿ ಕೇಳಿ. ‘ಟಿಕ್ ಟಿಕ್’ ಸ್ಪಷ್ಟವಾಗಿ ಕೇಳಿದರೆ ಮೊದಲು ವಾಲ್ಯೂಮ್ ಇಳಿಸಿ. ಆಗಲೂ ಹೋಗದಿದ್ದರೆ ವಾಪಸಾತಿಯ ಗಡುವು ಮುಗಿಯುವ ಮುಂಚೆ ಬದಲಿಸಿಕೊಳ್ಳಿ. ಶ್ರುತಿ ಹಿಡಿಯಲು ಒಂದು ಕಿವಿ ತೆರೆದು ಹಾಡುವ ಅಭ್ಯಾಸ ಇದ್ದವರು, ತೆರೆದ ಕಡೆಯ ಕಪ್ಪನ್ನು ಸುಮ್ನೆ ಗಾಳಿಗೆ ಬಿಡಬೇಡಿ. ಟ್ರ್ಯಾಕನ್ನು ಮುಚ್ಚಿದ ಕಿವಿಯ ಕಡೆಗಷ್ಟೇ ಪ್ಯಾನ್ ಮಾಡಿಕೊಳ್ಳಿ, ಅಂದರೆ ಸದ್ದನ್ನು ಆ ಒಂದೇ ಕಡೆಗೆ ತಿರುಗಿಸಿಕೊಳ್ಳಿ.