ಐಕ್ಯೂ ಅಂಕಿಯ ಪಕ್ಕದಲ್ಲಿ ನಾನು ಬರೆಯುವುದು

ಬಸವನಗುಡಿಯಲ್ಲಿ ನಮ್ಮ ಕ್ಲಿನಿಕ್ಕು. ಮಕ್ಕಳ ಬುದ್ಧಿಶಕ್ತಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಪರೀಕ್ಷೆ ಮುಗಿದ ಕೂಡಲೇ ತಾಯಂದಿರೆಲ್ಲ ಕೇಳುವುದು, "ಎಷ್ಟು ಬಂತು ಮೇಡಂ?" ಅಂತ. ಬರೀ ಅಂಕಿ ಹೇಳಿ ಕಳಿಸುವುದನ್ನು ನಾನು ಬಿಟ್ಟೆ. ಅದಕ್ಕೆ ಕಾರಣ ಒಬ್ಬ ಹುಡುಗ.

ಅವನಿಗೆ 11 ವರ್ಷ. ರಾಯಚೂರು ಕಡೆಯಿಂದ ಗಾರೆ ಕೆಲಸಕ್ಕೆ ಬಂದವರ ಮಗ. ಬುದ್ಧಿ ಕಮ್ಮಿ, ಸರ್ಟಿಫಿಕೇಟ್ ಮಾಡಿಸಿ ಅಂತ ಶಾಲೆಯವರು ಕಳಿಸಿದ್ದರು. ಬಿನೆ-ಕಾಮತ್ ಅನ್ನುವ ಬುದ್ಧಿಶಕ್ತಿ ಪರೀಕ್ಷೆ ಮಾಡಿದೆ. ಐಕ್ಯೂ 68 ಬಂತು. ಸರಾಸರಿ 100, ಎಪ್ಪತ್ತರ ಕೆಳಗಿದ್ದರೆ ಬೌದ್ಧಿಕ ಅಸಾಮರ್ಥ್ಯದ ಅನುಮಾನ.

ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ, ಅದೇ ಥರದ್ದೊಂದು ಹೇಳುತ್ತೇನೆ. "ಎತ್ತು, ಮೇಕೆ – ಇವೆರಡಕ್ಕೂ ಇರುವ ಹೋಲಿಕೆ ಏನು?" ಹುಡುಗ ಮೇಜು ನೋಡುತ್ತ ಕೂತ. ಸೊನ್ನೆ. ನಾನು ಸಿಂಧನೂರಿನವಳೇ, ಆದರೂ ಪರೀಕ್ಷೆ ನಡೆಯುವಾಗ ಪುಸ್ತಕದಲ್ಲಿರುವ ಮಾತನ್ನು ಬದಲಿಸುವ ಹಾಗಿಲ್ಲ. ಬದಲಿಸಿದರೆ ಒಂದು ಮಗುವಿನ ಅಂಕವನ್ನು ಇನ್ನೊಂದರ ಜೊತೆ ಹೋಲಿಸಲಾಗದು. ಎಲ್ಲ ಮುಗಿಸಿ ಅಂಕ ಬರೆದಿಟ್ಟ ಮೇಲೆ ಊರಿನ ಮಾತಲ್ಲಿ ಮತ್ತೆ ಕೇಳಿದೆ: "ಎತ್ತು, ಆಡು ಎರಡೂ ಹ್ಯಾಂಗ ಒಂದ ಥರ ಅದಾವಪಾ?"

"ಎರಡೂ ಮೆಲುಕ ಹಾಕ್ತಾವ್ರೀ."

'ಎರಡೂ ಪ್ರಾಣಿ' ಅನ್ನುವುದಕ್ಕಿಂತ ಎಷ್ಟು ಸೂಕ್ಷ್ಮವಾದ ಉತ್ತರ! ಅವನಿಗೆ ಬಾರದ್ದು 'ಮೇಕೆ', 'ಹೋಲಿಕೆ' ಅನ್ನುವ ಪದಗಳು ಮಾತ್ರ. ಹಾಗಂತ 68 ಅನ್ನು ತಿದ್ದಲಿಲ್ಲ.

ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ 1905ರಲ್ಲಿ ಪ್ಯಾರಿಸ್‌ನಲ್ಲಿ ತಮ್ಮ ಸಹೋದ್ಯೋಗಿ ಸಿಮೋನ್ ಜೊತೆ ಈ ಪರೀಕ್ಷೆ ಕಟ್ಟಿದ್ದೇ ಹೆಚ್ಚಿನ ನೆರವು ಬೇಕಾದ ಮಕ್ಕಳನ್ನು ಗುರುತಿಸಲಿಕ್ಕೆ. ಬುದ್ಧಿ ಎಂದೂ ಬದಲಾಗದ ಅಳತೆ ಅನ್ನುವುದನ್ನು ಅವರು ಒಪ್ಪುತ್ತಿರಲಿಲ್ಲ. ಅದನ್ನು 1916ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಟರ್ಮನ್ ಪರಿಷ್ಕರಿಸಿದರು. ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್, 1934ರಲ್ಲಿ. ದೊಡ್ಡ ಕೆಲಸ ಅದು. ಆದರೆ ಕನ್ನಡ ಅಂದರೆ ಒಂದೇ ಕನ್ನಡ ಅಲ್ಲವಲ್ಲ.

ಮರುದಿನ ಭಾಟಿಯಾ ಪರೀಕ್ಷೆ ಮಾಡಿದೆ. ಅದರಲ್ಲಿ ಮಾತು ಕಡಿಮೆ, ಕೈಕೆಲಸ ಜಾಸ್ತಿ. ಬಣ್ಣದ ಮರದ ಘನಗಳನ್ನು ಜೋಡಿಸಿ ಚಿತ್ರದಲ್ಲಿರುವ ವಿನ್ಯಾಸ ಮಾಡಬೇಕು. ದೊಡ್ಡ ವಿನ್ಯಾಸ ಬಂದಾಗ ಅವನು ಮೊದಲು ನಾಲ್ಕು ಮೂಲೆ ಕೂರಿಸಿದ, ಅಂಚಿಗೆ ಬೆರಳಿಟ್ಟು ಸಾಲು ನೇರ ಇದೆಯಾ ನೋಡಿದ, ಆಮೇಲೆ ನಡುವೆ ತುಂಬಿದ. ಗೋಡೆ ಎಬ್ಬಿಸುವವರ ಮನೆಯ ಮಗ! 94 ಬಂತು.

ದಿನದ ಬದುಕಿನ ಬಗ್ಗೆ ತಾಯಿಯನ್ನು ವಿವರವಾಗಿ ಕೇಳಿದೆ. ಅಂಗಡಿಗೆ ಹೋಗಿ ಸಾಮಾನು ತರುತ್ತಾನೆ, ಚಿಲ್ಲರೆ ಎಣಿಸಿ ಈಸಿಕೊಳ್ಳುತ್ತಾನೆ, ಪುಟ್ಟ ತಂಗಿಯನ್ನು ನೋಡಿಕೊಳ್ಳುತ್ತಾನೆ. ಇದನ್ನು ಬಿಟ್ಟು ಬುದ್ಧಿಯ ಬಗ್ಗೆ ತೀರ್ಪು ಕೊಡಲು ಬರುವುದಿಲ್ಲ. ವರದಿಯಲ್ಲಿ ಎರಡೂ ಅಂಕ ಬರೆದೆ, ಪಕ್ಕದಲ್ಲಿ ಮೆಲುಕಿನ ಉತ್ತರವನ್ನೂ ಬರೆದೆ. ಬೌದ್ಧಿಕ ಅಸಾಮರ್ಥ್ಯ ಇಲ್ಲ, ಓದು-ಬರಹಕ್ಕೆ ನೆರವು ಬೇಕು ಅಂತ ಕೊನೆಗೆ ಸೇರಿಸಿದೆ.

ತಾಯಿಗೆ ಎಲ್ಲವನ್ನೂ ಓದಿ ಹೇಳಿದೆ. "ಹಂಗಾರ ಶಾಲಿಗೆ ಕಳಸ್ಲೇನ್ರೀ?" ಅಂದರು.

"ಕಳಸ್ರೆವ್ವಾ" ಅಂದೆ. ಅವರೆದುರಿಗೇ ಟೀಚರಿಗೆ ಫೋನ್ ಹಚ್ಚಿದೆ.